ಸೌದೆಗೂ ಬೇಡ ಅಂದ ಸಿಲ್ವರ್ ಮರದಲ್ಲಿ ಊಟದ ಮೇಜು: ನನ್ನ ಅನುಭವ

ಕಳೆದ ವಾರ ನಮ್ಮ ಬೀದಿಯ ಬಡಗಿ ಆಚಾರ್ರು ಮಗಳ ಮದುವೆಗೆ ಕರೆಯಲು ಬಂದಿದ್ದರು. ಕಾಫಿ ಬರುವಷ್ಟರಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ನಮ್ಮ ಊಟದ ಮೇಜಿನ ಕೆಳಗೆ ಬಗ್ಗಿದರು. ಒಂದೊಂದು ಕಾಲನ್ನೂ ಬೆರಳಿಂದ ಸವರಿ ಸವರಿ ನೋಡಿದರು. ಹುಳದ ತೂತು ಹುಡುಕುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಸುಮ್ನಿದ್ದೆ. ಒಂದೂ ಸಿಗಲಿಲ್ಲ. ಎದ್ದು ಪಂಚೆ ಕೊಡವಿಕೊಂಡು, "ಇದು ಸಿಲ್ವರ್ ಅಲ್ಲ ಬಿಡಿ ಸಾರ್" ಅಂದರು.

ಸಿಲ್ವರೇ, ಅಂದರೆ ಸಿಲ್ವರ್ ಓಕ್ ಮರ. ಮೂರು ಮಳೆಗಾಲ ಕಳೆದಿದೆ. ಇದೇ ಆಚಾರ್ರು 2019ರಲ್ಲಿ "ಆ ಮರ ಸೌದೆಗೂ ಆಗಲ್ಲ, ದುಡ್ಡು ಹಾಳು ಮಾಡ್ಕೋಬೇಡಿ" ಅಂದಿದ್ದರು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಉಳಿ ಹಿಡಿಯುವುದು ಹೇಗೆ, ಗರಗಸ ಎಳೆಯುವುದು ಹೇಗೆ ಅಂತ ಹೇಳುವುದಿಲ್ಲ. ಅದು ನಿಮಗೆ ಗೊತ್ತೇ ಇರುತ್ತೆ.

ನಾನಿರುವುದು ಹಾಸನದಲ್ಲಿ. ಕೆಲಸ ಆಫೀಸಿನದು, ಮರಗೆಲಸ ಭಾನುವಾರದ ಹುಚ್ಚು. ಭಾವನ ಕಾಫಿ ತೋಟ ಸಕಲೇಶಪುರದ ಕಡೆ. ಅಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ಎಲ್ಲಿ ನೋಡಿದರೂ ಸಿಲ್ವರ್ ಮರ. ಆಸ್ಟ್ರೇಲಿಯಾದ ಮರ, ಬ್ರಿಟಿಷರ ಕಾಲದಲ್ಲಿ ತೋಟಗಳಿಗೆ ಬಂದದ್ದು. ಬೇಗ ಬೆಳೆಯುತ್ತೆ. ಪ್ಲೈವುಡ್ ಕಾರ್ಖಾನೆಗೆ ಹೋಗುತ್ತೆ, ಇಲ್ಲವೇ ಸೆಂಟ್ರಿಂಗ್ ಹಲಗೆಯಾಗುತ್ತೆ. ತೇಗ, ಬೀಟೆ, ಹೊನ್ನೆ ಕಡಿಯೋಕೆ ಇರುವ ಅನುಮತಿಯ ರಗಳೆ ಇದಕ್ಕಿಲ್ಲ. ಆ ವರ್ಷ ಆಗಸ್ಟ್ ಮಳೆಗೆ ಎರಡು ಮರ ಬುಡಮೇಲಾಗಿ ಕಾಫಿ ಗಿಡಗಳ ಮೇಲೆ ಬಿದ್ದಿದ್ದವು. "ತಗೊಂಡು ಹೋಗು ಮಾರಾಯ, ಜಾಗ ಖಾಲಿಯಾದ್ರೆ ಸಾಕು" ಅಂದರು ಭಾವ. ಪುಕ್ಕಟೆ ಮರ. ನನ್ನ ದುಡ್ಡು ಕರಗಲು ಶುರುವಾದದ್ದೇ ಆ ಪುಕ್ಕಟೆ ಮರದಿಂದ.

ಮೊದಲ ಸಲ ಮಾಡಿದ ತಪ್ಪು ಕೇಳಿ. ಸಾಮಿಲ್ಲಿನಿಂದ ತಂದ ಹಸಿ ಹಲಗೆಗಳನ್ನು ತಾರಸಿಯ ಗೋಡೆಗೆ ಒರಗಿಸಿ ಬಿಸಿಲಿಗಿಟ್ಟೆ. ಬೇಗ ಒಣಗಲಿ ಅಂತ ಆಸೆ. ಹದಿನೈದು ದಿನಕ್ಕೆ ಎಲ್ಲವೂ ಹಪ್ಪಳ ಕರಿದ ಹಾಗೆ ಸೊಟ್ಟಗಾದವು. ತುದಿಗಳು ಒಂದೊಂದು ಗೇಣು ಸೀಳಿದವು. ಅದರಲ್ಲೇ ನೆಟ್ಟಗಿದ್ದ ತುಂಡು ಆರಿಸಿ ಅಮ್ಮನಿಗೊಂದು ಸ್ಟೂಲು ಮಾಡಿದೆ. ಚೆನ್ನಾಗೇ ಬಂತು. ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಮ್ಮ ಕರೆದು, "ಇಲ್ಲಿ ಯಾರೋ ಗೋಧಿಹಿಟ್ಟು ಚೆಲ್ಲಿದ್ದಾರೆ ನೋಡೋ" ಅಂದರು. ಸ್ಟೂಲಿನ ಒಂದೊಂದು ಕಾಲಿನ ಪಕ್ಕದಲ್ಲೂ ಚಿಟಿಕೆ ಚಿಟಿಕೆ ಪುಡಿ. ಮುಟ್ಟಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಕಾಲನ್ನು ತಿರುಗಿಸಿ ನೋಡಿದರೆ ಗುಂಡುಸೂಜಿ ಚುಚ್ಚಿದಂಥ ತೂತುಗಳು. ಗುಡಿಸಿದರೆ ಮಾರನೇ ದಿನ ಮತ್ತೆ ಅಷ್ಟೇ ಪುಡಿ. ಸೀಮೆಎಣ್ಣೆ ಸವರಿದೆ, ತೂತಿಗೆ ಸಿರಿಂಜಿನಲ್ಲಿ ಔಷಧಿ ಬಿಟ್ಟೆ. ಕೊನೆಗೆ ಬಚ್ಚಲ ಒಲೆಗೆ ಹಾಕಿದೆ. ಆಚಾರ್ರ ಮಾತು ಅರ್ಧ ನಿಜವಾಯಿತು. ಸೌದೆಗಂತೂ ಆಗುತ್ತೆ.

ಈ ಹುಳಕ್ಕೆ ಬೇಕಾದದ್ದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಗಂಜಿ. ಸಿಲ್ವರ್ ಮರದಲ್ಲಿ ಆ ಭಾಗ ಜಾಸ್ತಿ. ಒಣಗಿದ ಮೇಲೆ ಮೇಲ್ಮೇಲೆ ಏನು ಬಳಿದರೂ ಅದು ಒಳಗಿಳಿಯುವುದಿಲ್ಲ. ಮರ ಹಸಿ ಇರುವಾಗಲೇ ಮದ್ದು ಕುಡಿಸಬೇಕು. ಇಷ್ಟು ತಿಳಿಯಲು ನನಗೆ ಎರಡು ವರ್ಷ, ಹದಿನೈದೋ ಹದಿನಾರೋ ಸಾವಿರ ಹಿಡಿಯಿತು. ಹೆಂಡತಿಯ ಲೆಕ್ಕದಲ್ಲಿ ಇಪ್ಪತ್ತೆರಡು.

2021ರ ಮಳೆಗಾಲ ಮುಗಿಯುತ್ತಿದ್ದ ಹಾಗೆ ಮತ್ತೆ ಮೂರು ದಿಮ್ಮಿ ತಂದೆ. ಸುತ್ತಳತೆ ನಲವತ್ತನಾಲ್ಕು ಇಂಚಿನ ಆಸುಪಾಸು. ಸಾಮಿಲ್ ಲೆಕ್ಕದಲ್ಲಿ ಒಟ್ಟು ಇಪ್ಪತ್ತೆರಡು ಸಿಎಫ್‌ಟಿ, ಅಂದರೆ ಘನ ಅಡಿ. ಈ ಸಲ ದಿಮ್ಮಿಯನ್ನು ಮೊದಲು ನಾಲ್ಕು ಹೋಳು ಮಾಡಿಸಿ, ಆಮೇಲೆ ಒಂದೊಂದು ಹೋಳಿನಿಂದ ಹಲಗೆ ತೆಗೆಸಿದೆ. ಸಾಮಿಲ್ಲಿನವನು ಗೊಣಗಿದ. "ಹೀಗೆ ಕೊಯ್ದ್ರೆ ಅರ್ಧ ಮರ ವೇಸ್ಟು ಸಾರ್, ಹಲಗೆ ಅಗಲಾನೂ ಬರಲ್ಲ." ಅವನು ಹೇಳಿದ್ದು ಸುಳ್ಳಲ್ಲ. ಇಪ್ಪತ್ತೆರಡರಲ್ಲಿ ಕೈಗೆ ಬಂದದ್ದು ಹನ್ನೆರಡೋ ಹದಿಮೂರೋ. ಅಗಲ ಏಳು ಇಂಚು ಬಂದರೆ ಹೆಚ್ಚು. ಆದರೆ ಹಾಗೆ ಕೊಯ್ದ ಹಲಗೆ ಒಣಗುವಾಗ ಸೊಟ್ಟಗಾಗುವುದು ತೀರಾ ಕಡಿಮೆ. ನಟ್ಟನಡುವಿನ ತಿರುಳನ್ನು ಪೂರ್ತಿ ತೆಗೆಸಿ. ಅದನ್ನು ಬಿಟ್ಟುಕೊಂಡ ಹಲಗೆ ಸೀಳಿಯೇ ಸೀಳುತ್ತೆ.

ಇನ್ನೊಂದು ಲಾಭ ನನಗೂ ಗೊತ್ತಿರಲಿಲ್ಲ. ಮೊದಲ ಹಲಗೆಗೆ ಉಜ್ಜುಗೊರಡು ಹಾಕಿ ಎರಡು ಸಲ ಎಳೆದೆ. ಮಣ್ಣು ಬಣ್ಣದ ಸಿಪ್ಪೆ ಹೋಗಿ ಕೆಳಗಿನಿಂದ ಮೀನಿನ ಹುರುಪೆಯಂಥ ಮಚ್ಚೆಗಳು ಎದ್ದು ಬಂದವು. ಬೆಳಕಿಗೆ ಓರೆ ಮಾಡಿದರೆ ರೇಷ್ಮೆ ಸೀರೆಯ ಹಾಗೆ ಮಿಂಚುತ್ತಿತ್ತು. ಮಗಳನ್ನು ಕರೆದು ತೋರಿಸಿದೆ. "ಅಪ್ಪ, ಹಾವಿನ ಪೊರೆ ಥರ ಇದೆ" ಅಂದಳು. ಆದರೆ ಆ ಹುರುಪೆ ಭಾಗದಲ್ಲಿ ಅಲಗು ಸ್ವಲ್ಪ ಮೊಂಡಾಗಿದ್ದರೂ ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತೆ. ಹತ್ತು ನಿಮಿಷಕ್ಕೊಮ್ಮೆ ಸಾಣೆಕಲ್ಲು ಹಿಡಿಯಲೇಬೇಕು. ಚಕ್ಕೆ ಕೀಳದ ಹಾಗೆ ಅಲಗಿನ ಹಿಂಬದಿಗೆ ನಾನು ಮಾಡಿಕೊಂಡ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಮದ್ದು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್. ಮೂರು ಪಾಲಿಗೆ ಎರಡು ಪಾಲು. ತಾರಸಿಯಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಟಾರ್ಪಾಲು ಹಾಸಿ ಏಳು ಅಡಿಯ ತೊಟ್ಟಿ ಮಾಡಿದೆ. ಸುಮಾರು ನೂರಿಪ್ಪತ್ತು ಲೀಟರ್ ನೀರಿಗೆ ಎರಡೂ ಸೇರಿ ಏಳು ಕೆಜಿ. ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹಂಡೆಯಲ್ಲಿ ನೀರು ಕಾಯಿಸಿ ಕರಗಿಸಿದೆ. ಕೈಗವಸು ಹಾಕಿಕೊಳ್ಳಿ. ಸಾಮಿಲ್ಲಿನಿಂದ ಬಂದ ದಿನವೇ ಹಲಗೆ ಮುಳುಗಿಸಿ ಮೇಲೆ ಕಲ್ಲು ಹೇರಿದೆ. ಎರಡು ದಿನ ನೆನೆಸಿ ತೆಗೆದು, ಒಣಗಿಸದೆ, ಒತ್ತೊತ್ತಾಗಿ ಪೇರಿಸಿ ಟಾರ್ಪಾಲು ಸುತ್ತಿ ನಾಲ್ಕು ವಾರ ಬಿಟ್ಟೆ. ಮದ್ದು ಒಳಗಿನವರೆಗೆ ಇಳಿಯುವುದು ಆ ನಾಲ್ಕು ವಾರದಲ್ಲಿ. ಬಿಚ್ಚಿದಾಗ ಮೇಲೆಲ್ಲ ಬೂಷ್ಟು, ಕಪ್ಪು ಕಲೆ. ಎದೆ ಧಸಕ್ಕೆಂದಿತು. ಉಜ್ಜಿದ ಮೇಲೆ ಹೋಯಿತು.

ಮದ್ದು ಕುಡಿಸಿದ ಈ ಮರದಲ್ಲಿ ಅಡುಗೆಗೆ ತಾಗುವ ಮಣೆ, ಸೌಟು ಮಾಡಬೇಡಿ. ಮನೆಯ ಹೊರಗಿಡುವ ಬೆಂಚೂ ಬೇಡ, ಮಳೆಗೆ ಮದ್ದು ತೊಳೆದು ಹೋಗುತ್ತೆ. ಉಳಿದ ನೀರನ್ನು ಎಲ್ಲಿ ಚೆಲ್ಲುತ್ತೀರಿ ಅನ್ನುವುದೂ ಮುಖ್ಯ. ನಾನು ಹಿತ್ತಲಲ್ಲಿ ಚೆಲ್ಲಿದೆ. ಹತ್ತೇ ದಿನಕ್ಕೆ ಕರಿಬೇವಿನ ಎಲೆಗಳ ಅಂಚು ಸುಟ್ಟ ಹಾಗಾಗಿ ಗಿಡವೇ ಹೋಯಿತು. ಒಗ್ಗರಣೆ ಹಾಕುವಾಗಲೆಲ್ಲ ನಮ್ಮ ಮನೆಯಲ್ಲಿ ಈಗಲೂ ಆ ವಿಷಯ ಬರುತ್ತೆ.

ತುರಿಕೆಯ ವಿಷಯ ಮರೆತಿದ್ದೆ. ಹಸಿ ಮರ ಕೊಯ್ದ ದಿನ ಮೊಣಕೈವರೆಗೆ ದದ್ದು ಎದ್ದಿತ್ತು. ಕಂಬಳಿಹುಳ ಮುಟ್ಟಿರಬೇಕು ಅಂದುಕೊಂಡೆ. ಎರಡನೇ ಸಲವೂ ಎದ್ದಾಗ ಗೊತ್ತಾಯಿತು, ಇದರ ಹೊಟ್ಟು ಕೆಲವರ ಚರ್ಮಕ್ಕೆ ಆಗಿ ಬರಲ್ಲ. ಈಗ ತುಂಬು ತೋಳಿನ ಅಂಗಿ, ಮಾಸ್ಕ್.

ಒಣಗಿಸುವುದಕ್ಕೆ ಹೊಸದೇನೂ ಇಲ್ಲ. ನೆರಳು, ಗಾಳಿ, ಹಲಗೆಗಳ ನಡುವೆ ಒಂದೇ ದಪ್ಪದ ರೀಪು, ತುದಿಗಳಿಗೆ ಮಿಕ್ಕಿದ ಪೇಂಟು, ಮೇಲೆ ಕಲ್ಲಿನ ಭಾರ. ತೇವ ಅಳೆಯುವ ಮೀಟರಿಗೆ ದುಡ್ಡು ಸುರಿಯುವ ಬದಲು ನಾನು ಲಗೇಜ್ ತೂಗುವ ಕೊಕ್ಕೆ ತಕ್ಕಡಿ ತಂದೆ. ಮುನ್ನೂರು ರೂಪಾಯಿ. ಒಂದು ಹಲಗೆಗೆ ಗುರುತು ಮಾಡಿ ಪ್ರತಿ ಭಾನುವಾರ ತೂಗಿದೆ. ಶುರುವಿನಲ್ಲಿ ಎಂಟೂವರೆ ಕೆಜಿ. ಮೇ ತಿಂಗಳಿಗೆ ಐದೂವರೆಗೆ ಬಂದು ನಿಂತಿತು. ಮೂರು ವಾರ ತೂಕ ಅಲ್ಲಾಡದಿದ್ದರೆ ಮರ ತಯಾರು.

ಮೇಜು ಐದಡಿ ಉದ್ದ, ಮೂರಡಿ ಅಗಲ. ಆರು ಹಲಗೆ ಅಂಟಿಸಿದ ಮೇಲ್ಭಾಗ. ಇಷ್ಟು ಅಗಲ ಹಿಡಿಯುವ ಕ್ಲಾಂಪ್ ನನ್ನಲ್ಲಿ ಇರಲಿಲ್ಲ. ಹಳೇ ಬೈಕ್ ಟ್ಯೂಬನ್ನು ಎರಡು ಬೆರಳಗಲ ಪಟ್ಟಿ ಕತ್ತರಿಸಿ ಜಗ್ಗಿ ಸುತ್ತಿದೆ, ನಡುನಡುವೆ ಬೆಣೆ ಹೊಡೆದೆ. ಸಾಕಾಯಿತು. ಕಾಲುಗಳಿಗೆ ಉಳಿಯಲ್ಲಿ ತೂತು ಕೊರೆದು ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿಗಳ ತುದಿಯ ನಾಲಿಗೆ ಕೂರಿಸಿದೆ. ಹದಿನಾರು ತೂತಿಗೆ ನಾಲ್ಕು ಭಾನುವಾರ. ಮೊದಲ ಮೂರನ್ನು ಯಾರಿಗೂ ತೋರಿಸುವ ಹಾಗಿಲ್ಲ.

ಆಮೇಲೆ ಅವಸರ ಮಾಡಿದೆ. ಮೇಲ್ಭಾಗವನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದೆ. ಅದು ಜೂನ್ ಕೊನೆ, ಜಿಟಿಜಿಟಿ ಮಳೆ. ಮುಂದಿನ ಮಾರ್ಚಿನಲ್ಲಿ ಒಂದು ಮಧ್ಯರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದು. ಎದ್ದು ಬಂದು ನೋಡಿದರೆ ಮೇಜಿನ ನಡುವೆ ಅಂಟಿನ ಪಕ್ಕದಲ್ಲೇ ಎರಡಡಿ ಬಿರುಕು. ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿದ್ದ ಮರ ಬೇಸಿಗೆಗೆ ಕುಗ್ಗಲು ನೋಡಿದೆ, ಸ್ಕ್ರೂ ಬಿಟ್ಟಿಲ್ಲ. ಆಚಾರ್ರಿಗೆ ಹೇಗೋ ಸುದ್ದಿ ಹೋಯಿತು, ಬಂದು ನೋಡಿ ನಕ್ಕು ಹೋದರು. ಸ್ಕ್ರೂ ಎಲ್ಲ ಬಿಚ್ಚಿ, ಚೌಕಟ್ಟಿನ ಒಳಬದಿಗೆ ಗಾಡಿ, ಅಂದರೆ ಉದ್ದನೆಯ ಕಾಲುವೆ ಹೊಡೆದು, ಅದರಲ್ಲಿ ಜಾರುವಂಥ ಮರದ ಚಿಕ್ಕ ತುಂಡುಗಳಿಂದ ಮೇಲ್ಭಾಗ ಹಿಡಿಸಿದೆ. ಬಿರುಕಿಗೆ ಅದೇ ಮರದ ತೆಳು ಪಟ್ಟಿ ಅಂಟಿಸಿದೆ. ಈಗ ಮಳೆಗಾಲಕ್ಕೂ ಬೇಸಿಗೆಗೂ ಮೇಜಿನ ಅಗಲದಲ್ಲಿ ಒಂದು ಬೆಂಕಿಕಡ್ಡಿ ದಪ್ಪದ ವ್ಯತ್ಯಾಸ. ಅದರ ಪಾಡಿಗೆ ಅದು ಉಬ್ಬುತ್ತೆ, ಕುಗ್ಗುತ್ತೆ.

ಬಣ್ಣದಲ್ಲಿ ತುಂಬಾ ಆಟ ಆಡಿದೆ. ಕಾಫಿ ಡಿಕಾಕ್ಷನ್ ಹಚ್ಚಿ ನೋಡಿದೆ. ಎರಡು ದಿನ ಮನೆಯೆಲ್ಲ ಘಮಘಮ, ಬಣ್ಣ ಮಾತ್ರ ಕೆಸರಿನದು. ತೀರ್ಥಹಳ್ಳಿಯ ಗೆಳೆಯನೊಬ್ಬ ಅಡಿಕೆ ಬೇಯಿಸಿದ ಚೊಗರು ಒಂದು ಬಾಟಲಿ ಕೊಟ್ಟ. ಅದು ಹಿಡಿಯಿತು ನೋಡಿ! ತಿಳಿ ಮಾಡಿ ಒಂದು ಕೈ ಹಚ್ಚಿದರೆ ಹಳೇ ತೊಟ್ಟಿಮನೆ ಕಂಬದ ಕೆಂಪು. ಅದರ ಮೇಲೆ ವಿನೆಗರಿನಲ್ಲಿ ತುಕ್ಕು ಮೊಳೆ ನೆನೆಸಿದ ನೀರು ಸವರಿದರೆ ಕಣ್ಣೆದುರಿಗೇ ಕಪ್ಪಾಗುತ್ತೆ, ಬೀಟೆ ಅನ್ನಬೇಕು. ಮೇಜಿನ ಕಾಲುಗಳು ಹಾಗೆ ಕಪ್ಪಾದವು. ಎಷ್ಟು ಚೊಗರಿಗೆ ಎಷ್ಟು ನೀರು, ನಡುವೆ ಎಷ್ಟು ಹೊತ್ತು ಬಿಡಬೇಕು ಅಂತ ಕೇಳಬೇಡಿ. ಹನ್ನೊಂದು ತುಂಡು ಹಾಳು ಮಾಡಿ ಕಂಡುಕೊಂಡದ್ದು.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು: ಪಿಕಪ್ ಬಾಡಿಗೆ ಎರಡೂವರೆ ಸಾವಿರ, ಕೊಯ್ಲಿಗೆ ಎರಡು ಸಾವಿರದ ಹತ್ತಿರ, ಮದ್ದಿಗೆ ಸಾವಿರ ಚಿಲ್ಲರೆ, ಅಂಟು, ಸ್ಯಾಂಡ್ ಪೇಪರ್, ಪಾಲಿಶು ಎಲ್ಲ ಸೇರಿ ಇನ್ನೊಂದು ಎರಡು. ಹತ್ತಿರ ಹತ್ತಿರ ಏಳೂವರೆ ಸಾವಿರಕ್ಕೆ ಮೇಜು, ಎರಡು ಬೆಂಚು. ಮಿಕ್ಕ ಮರದಲ್ಲಿ ಮಗಳಿಗೆ ಪುಸ್ತಕದ ಕಪಾಟು. ಅಂಗಡಿಯಲ್ಲಿ ಇಂಥದ್ದೇ ಅಳತೆಯ ತೇಗದ ಮೇಜಿಗೆ ನಲವತ್ತೆರಡು ಸಾವಿರ ಹೇಳಿದ್ದರು. ಹತಾರಗಳ ಖರ್ಚು ಬೇರೆ, ಅದನ್ನು ಮನೆಯಲ್ಲಿ ಪೂರ್ತಿ ಹೇಳಿಲ್ಲ.

ಮದುವೆ ಕಾಗದ ಕೊಟ್ಟು ಹೊರಟ ಆಚಾರ್ರು ಗೇಟಿನ ಹತ್ತಿರ ನಿಂತು, "ಆ ಮದ್ದಿನ ಪುಡಿ ಎಲ್ಲಿ ಸಿಗುತ್ತೆ ಸಾರ್?" ಅಂತ ಮೆಲ್ಲಗೆ ಕೇಳಿದರು. ಅಂಗಡಿ ಹೇಳಿದೆ. ಚೊಗರಿನ ವಿಷಯ ಎತ್ತಲಿಲ್ಲ.

ಈಗ ತಾರಸಿಯಲ್ಲಿ ಮಂಚಕ್ಕೆ ಅಂತ ಮತ್ತೊಂದು ಪೇರು ಒಣಗುತ್ತಿದೆ. ಗುರುತಿನ ಹಲಗೆ ನಿನ್ನೆ ಆರು ಕೆಜಿ ಇನ್ನೂರು ಗ್ರಾಂ ಇತ್ತು. ಇನ್ನೂ ಇಳಿಯುತ್ತಿದೆ.