ಗ್ವಾಡಿ ಮೇಲೆ ಹಾಕಿದ ತಪ್ಪು: ಲಿನಕ್ಸ್‌ನಲ್ಲಿ ವೈಫೈ ಹತ್ತಿಸಿದ ನನ್ನ ಅನುಭವ

ನಮ್ಮದು ಗದಗ-ಬೆಟಗೇರಿ. ಅಜ್ಜ ಕಟ್ಟಿಸಿದ ಮಾಳಿಗೆ ಮನೆ, ಬೀದಿಗೆ ಹತ್ತಿದ ಕೋಣೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅಂದರೆ ಬರೀ ಜೆರಾಕ್ಸ್ ಅಲ್ಲ. ಪಹಣಿ ಪ್ರಿಂಟ್, ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷೆ ಹಾಲ್ ಟಿಕೆಟ್, ಎಲ್ಲಾ ಇಲ್ಲೇ. ನೆಟ್ ಹೋದರೆ ಅಂಗಡಿ ಬಾಗಿಲು ಹಾಕಿದ ಹಾಗೆಯೇ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮಾಮೂಲಿ ಅಪ್‌ಡೇಟ್ ನಿಂತಿತು. 11 ನನ್ನ ಹಳೇ ಮಷೀನ್‌ಗಳಿಗೆ ಏರುವುದಿಲ್ಲ. ಹೊಸದು ತಗೊಳ್ಳೋಕೆ ದುಡ್ಡಿಲ್ಲ ಅನ್ನೋದಕ್ಕಿಂತ, ನಡೆಯುತ್ತಿರುವ ಮಷೀನನ್ನು ಗುಜರಿಗೆ ಹಾಕೋಕೆ ಮನಸ್ಸಿಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಒಂದೊಂದಕ್ಕೇ ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕುತ್ತಾ ಬಂದೆ. ಹಾಕೋದು ಅರ್ಧ ತಾಸಿನ ಕೆಲಸ. ಅದಾದ ಮೇಲೆ ವೈಫೈ ಹತ್ತಿಸೋಕೆ ಮಾತ್ರ ಮೂರು ಮಷೀನ್‌ಗೆ ಮೂರು ಥರದ ಒದ್ದಾಟ.

ಮೊದಲು ಸಣ್ಣದು ಹೇಳಿ ಮುಗಿಸುತ್ತೇನೆ. ಡೆಸ್ಕ್‌ಟಾಪ್‌ಗೆ ಒಂದು ಅಗ್ಗದ ಯುಎಸ್‌ಬಿ ಡಾಂಗಲ್ ತಂದಿದ್ದೆ, ಉಗುರಿನಷ್ಟು ಸಣ್ಣದು. ಚುಚ್ಚಿದೆ. ವೈಫೈ ಬರಲಿಲ್ಲ, ಬದಲಿಗೆ ಒಂದು ಸಿಡಿ ತೋರಿಸಿತು! ಈ ಥರದ ಡಾಂಗಲ್‌ಗಳು ವಿಂಡೋಸ್ ಡ್ರೈವರನ್ನು (ಡಾಂಗಲನ್ನು ನಡೆಸುವ ಸಾಫ್ಟ್‌ವೇರ್) ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತವೆ, ಅದಕ್ಕೇ ಮೊದಲು ಸಿಡಿ ವೇಷ ಹಾಕಿಕೊಂಡು ಬರುತ್ತವೆ. ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆಗೆದು ಎಲ್‌ಎಸ್‌ಯುಎಸ್‌ಬಿ ಅಂತ ಹೊಡೆದರೆ ಅದರ ನಂಬರಿನ ಕೊನೆಗೆ 1ಎ2ಬಿ ಅಂತಿತ್ತು. ಫೈಲ್ ಮ್ಯಾನೇಜರ್‌ನಲ್ಲಿ ಆ ಸಿಡಿ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಟ್ಟೆ, ಮತ್ತೆ ನೋಡಿದರೆ ಸಿ811 ಅಂತಾಯಿತು. ಈಗ ನಿಜರೂಪ: ರಿಯಲ್‌ಟೆಕ್ 8821ಸಿಯು. ಆದರೂ ಹತ್ತಲಿಲ್ಲ, ಯಾಕಂದರೆ ನಾನು ಹಾಕಿದ್ದು ಪೆನ್‌ಡ್ರೈವ್‌ನಲ್ಲಿ ಮೊದಲಿಂದ ಬಿದ್ದಿದ್ದ ಮಿಂಟ್ 21, ಅದರ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, 5.15. ಈ ಚಿಪ್ಪಿನ ಯುಎಸ್‌ಬಿ ಡ್ರೈವರ್ ಕರ್ನಲ್ ಒಳಗೇ ಬಂದದ್ದು 6.2ರಿಂದ. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಕರ್ನಲ್‌ಗಳ ಪಟ್ಟಿ ಇರುತ್ತದೆ, ಅಲ್ಲಿಂದ 6.5 ಹಾಕಿ ರೀಸ್ಟಾರ್ಟ್ ಮಾಡಿದೆ. ಹತ್ತಿತು. ಆಮೇಲೆ ಡಾಂಗಲನ್ನು ಸಿಪಿಯು ಹಿಂದಿನಿಂದ ತೆಗೆದು ಒಂದು ಎಕ್ಸ್‌ಟೆನ್ಶನ್ ವೈರ್ ಹಾಕಿ ಟೇಬಲ್ ಮೇಲೆ ತಂದಿಟ್ಟೆ. ತಗಡಿನ ಡಬ್ಬಿಯ ಬೆನ್ನಿಗೆ ಅಂಟಿಕೊಂಡು ಕೂತರೆ ಸಿಗ್ನಲ್ ಎಲ್ಲಿಂದ ಬರಬೇಕು? ಅದರ ಮೇಲೆ, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡ ಬರುತ್ತದೆ. ಕರಿ ಪೋರ್ಟ್ ಇದ್ದರೆ ಅದರಲ್ಲೇ ಚುಚ್ಚಿ.

ಇನ್ನು ನಿಜವಾಗಿ ತಲೆ ತಿಂದದ್ದು ಅಣ್ಣನ ಮಗಳ ಲ್ಯಾಪ್‌ಟಾಪ್. ಹೆಸರುವಾಸಿ ಕಂಪನಿಯದೇ, ಹಳೇದು. ಅದಕ್ಕೂ ಮಿಂಟ್ ಹಾಕಿಕೊಟ್ಟೆ. ಅಂಗಡಿಯಲ್ಲಿ ರೌಟರ್ ಪಕ್ಕ ಇಟ್ಟುಕೊಂಡೇ ಹಾಕಿದ್ದು, ಚೆನ್ನಾಗಿ ನಡೆಯಿತು. ರಾತ್ರಿ ಒಳಗಿನ ಕೋಣೆಗೆ ಒಯ್ದಳು. ಐದೇ ನಿಮಿಷಕ್ಕೆ ವಾಪಸ್ ಬಂದಳು.

"ಕಾಕಾ, ನೆಟ್ ಹತ್ತವಲ್ದು ನೋಡು. ನಮ್ಮ ವೈಫೈ ಹೆಸರ ತೋರಸವಲ್ದು."

ಅಣ್ಣ ಅಲ್ಲೇ ಕೂತಿದ್ದ. "ಅದು ಹೆಂಗ ತೋರಸ್ತೈತಿ? ಗ್ವಾಡಿ ಎಷ್ಟು ದಪ್ಪ ಐತಿ ನೋಡು. ಎರಡು ಮೊಳ ಮಣ್ಣು. ಅಜ್ಜಾರು ವೈಫೈ ಸಲುವಾಗಿ ಕಟ್ಟ್ಯಾರೇನು?"

ಮಾತು ಸರಿ ಅನ್ನಿಸಿತು. ಮಣ್ಣಿನ ಗೋಡೆ ಸಿಗ್ನಲ್ ನುಂಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಮಾರನೇ ದಿನವೇ ಅಣ್ಣ ಡ್ರಿಲ್ ಮಷೀನ್ ಬಾಡಿಗೆಗೆ ತಂದ, ಗೋಡೆಗೆ ತೂತು ಕೊರೆದು ಕೇಬಲ್ ಎಳೆಯೋಣ ಅಂತ. ಅರ್ಧಕ್ಕೆ ಒಳಗಿನ ಕಲ್ಲು ತಾಗಿ ನಿಂತಿತು. ಇನ್ನೊಂದು ಕಡೆ ಕೊರೆಯುತ್ತೇನೆ ಅಂತ ಹೊರಟವನನ್ನು ಅತ್ತಿಗೆ ತಡೆದರು.

ನನಗೆ ಅನುಮಾನ ಬಂದದ್ದು ಅವತ್ತು ಸಂಜೆ. ಒಳಕೋಣೆಯ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಾ ಫೋನ್ ನೋಡಿದೆ, ಮೂರು ಕಡ್ಡಿ ಸಿಗ್ನಲ್. ಲ್ಯಾಪ್‌ಟಾಪ್ ತೊಡೆ ಮೇಲಿದೆ, ಅದರಲ್ಲಿ ಸೊನ್ನೆ. ಅದೇ ಜಾಗ, ಅದೇ ಗೋಡೆ. ಹುಡುಗಿಯನ್ನು ಕೇಳಿದೆ, ವಿಂಡೋಸ್ ಇದ್ದಾಗ ಇಲ್ಲಿ ಹತ್ತುತ್ತಿತ್ತಾ? "ಹತ್ತತಿತ್ತಲ್ಲ ಕಾಕಾ, ನಾ ದಿನಾ ಇಲ್ಲೇ ಕುಂದರತಿದ್ದೆ." ಇದನ್ನು ನಿನ್ನೆಯೇ ಕೇಳಬೇಕಿತ್ತು. ಡ್ರಿಲ್ ಬಾಡಿಗೆ ಉಳಿಯುತ್ತಿತ್ತು.

ಲ್ಯಾಪ್‌ಟಾಪ್ ಒಳಗಿನ ಕಾರ್ಡ್ ಯಾವುದು ಅಂತ ನೋಡೋಕೆ ಎಲ್‌ಎಸ್‌ಪಿಸಿಐ, ಡಾಂಗಲ್ ಆದರೆ ಎಲ್‌ಎಸ್‌ಯುಎಸ್‌ಬಿ. ಮೊದಲನೆಯದಕ್ಕೆ ಹೈಫನ್ ಹಾಕಿ ಎನ್ ಎನ್ ಕೆ ಸೇರಿಸಿದರೆ ಕಾರ್ಡಿನ ನಂಬರ್ ಮತ್ತು ಅದಕ್ಕೆ ಯಾವ ಡ್ರೈವರ್ ಅಂಟಿಕೊಂಡಿದೆ ಅನ್ನೋದೂ ಬರುತ್ತದೆ. ಡಬ್ಬಿ ಮೇಲಿನ ಕಂಪನಿ ಹೆಸರು ಹಿಡಿದು ಹುಡುಕಿದರೆ ಏನೂ ಸಿಗಲ್ಲ. ಒಂದೇ ಮಾಡೆಲ್‌ನಲ್ಲಿ ಈ ವರ್ಷ ಒಂದು ಚಿಪ್, ಮುಂದಿನ ವರ್ಷ ಇನ್ನೊಂದು ಹಾಕಿರುತ್ತಾರೆ. ಚಿಪ್ಪಿನ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಇದರಲ್ಲಿ ಸಿಕ್ಕಿದ್ದು ಆರ್‌ಟಿಎಲ್ 8723ಬಿಇ. ಡ್ರೈವರ್ ಇದೆ, ಕೆಲಸವೂ ಮಾಡುತ್ತಿದೆ. ಆರ್‌ಎಫ್‌ಕಿಲ್ ಲಿಸ್ಟ್ ಅಂತ ಹೊಡೆದು ಬ್ಲಾಕ್ ಆಗಿದೆಯಾ ಅಂತಲೂ ನೋಡಿದೆ, ಇಲ್ಲ. ಹಾಗಾದರೆ ಸಿಗ್ನಲ್ ಮಾತ್ರ ಯಾಕೆ ಸತ್ತಿದೆ?

ಉತ್ತರ ಕೇಳಿದರೆ ನಗು ಬರುತ್ತದೆ. ಈ ಕಾರ್ಡಿಗೆ ಆಂಟೆನಾ ಸಿಕ್ಕಿಸುವ ಮೂತಿಗಳು ಎರಡು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ವೈರ್ ಹಾಕಿ ಮುಚ್ಚಿರುತ್ತಾರೆ. ಡ್ರೈವರ್‌ಗೆ ಯಾವ ಮೂತಿಗೆ ವೈರ್ ಇದೆ ಅನ್ನೋದು ತಿಳಿಯದೆ ಖಾಲಿ ಮೂತಿಗೆ ಕಿವಿ ಕೊಟ್ಟು ಕೂತಿರುತ್ತದೆ. ಹಾಗಾಗಿ ರೌಟರ್ ಪಕ್ಕದಲ್ಲಿದ್ದರೆ ಮಾತ್ರ ಹೇಗೋ ಕೇಳಿಸುತ್ತದೆ, ನಾಲ್ಕು ಹೆಜ್ಜೆ ಆಚೆ ಹೋದರೆ ಕಿವುಡು. ಕಿವಿ ಎಲ್ಲಿದೆ ಅಂತ ನಾವೇ ಹೇಳಬೇಕು. ಅದಕ್ಕೆ ಡ್ರೈವರ್‌ನಲ್ಲೇ ಒಂದು ಆಯ್ಕೆ ಇದೆ: ಆಂಟ್, ಅಂಡರ್‌ಸ್ಕೋರ್, ಸೆಲ್. ಬೆಲೆ 1 ಅಥವಾ 2.

ಮೊದಲು ತಾತ್ಕಾಲಿಕವಾಗಿ ನೋಡಿ. ಮಾಡ್‌ಪ್ರೋಬ್ ಕಮಾಂಡಿಗೆ ಹೈಫನ್ ಆರ್ ಹಾಕಿ ಆ ಡ್ರೈವರನ್ನು ಇಳಿಸಬೇಕು, ಆಮೇಲೆ ಅದೇ ಡ್ರೈವರನ್ನು ಕೊನೆಗೆ ಈ ಆಯ್ಕೆ ಸೇರಿಸಿ ಮತ್ತೆ ಏರಿಸಬೇಕು, ಎರಡಕ್ಕೂ ಮುಂದೆ ಸುಡೊ (ಮಾಲೀಕನ ಅಧಿಕಾರ ಕೊಡುವ ಪದ) ಬೇಕು. ನಾನು ಮೊದಲು 1 ಕೊಟ್ಟೆ, ಏನೂ ಬದಲಾಗಲಿಲ್ಲ. 2 ಕೊಟ್ಟೆ. ನೆಟ್‌ವರ್ಕ್ ಪಟ್ಟಿ ತೆಗೆದರೆ ನಮ್ಮದಷ್ಟೇ ಅಲ್ಲ, ಓಣಿಯವರದೆಲ್ಲಾ ಬಂದು ಕೂತಿತ್ತು! ಅಳತೆ ಬೇಕು ಅನ್ನುವವರಿಗೆ: ಐಡಬ್ಲ್ಯೂ ಅನ್ನೋ ಕಮಾಂಡ್ ಸಿಗ್ನಲನ್ನು ಡಿಬಿಎಂನಲ್ಲಿ ಹೇಳುತ್ತದೆ, ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಹೊಸ್ತಿಲಲ್ಲಿ ಏನೂ ಸಿಗದ ಕಡೆ ಈಗ ಮೈನಸ್ 58.

ಕಾಯಂ ಮಾಡೋಕೆ ಇಟಿಸಿ ಫೋಲ್ಡರ್ ಒಳಗೆ ಮಾಡ್‌ಪ್ರೋಬ್ ಡಾಟ್ ಡಿ ಅಂತ ಇರುತ್ತದೆ, ಅಲ್ಲಿ ಕಾನ್ಫ್ ಅಂತ ಮುಗಿಯುವ ಒಂದು ಫೈಲ್ ಮಾಡಿ ಒಂದೇ ಸಾಲು ಬರೆಯಬೇಕು. ಮೊದಲು ಆಪ್ಶನ್ಸ್, ಆಮೇಲೆ ಡ್ರೈವರ್ ಹೆಸರು, ಆಮೇಲೆ ಆಯ್ಕೆ ಮತ್ತು ಅದರ ಬೆಲೆ. ಆಪ್ಶನ್ಸ್ ಅನ್ನೋದರ ಕೊನೆಯ ಎಸ್ ಬಿಟ್ಟು ಬರೆದು, ರೀಸ್ಟಾರ್ಟ್ ಆದ ಮೇಲೆ ಮತ್ತೆ ಕಿವುಡಾಯಿತಲ್ಲ ಅಂತ ನಾನು ಅರ್ಧ ರಾತ್ರಿ ಕಳೆದಿದ್ದೇನೆ, ನೀವು ಕಳೆಯಬೇಡಿ.

ಸಿಗ್ನಲ್ ಬಂದ ಮೇಲೂ ಆಗಾಗ ನೆಟ್ ತೂಕಡಿಸುತ್ತಿತ್ತು. ಅದು ಬ್ಯಾಟರಿ ಉಳಿಸೋಕೆ ವೈಫೈಯನ್ನು ಮಲಗಿಸುವ ಪವರ್ ಸೇವ್. ಇಟಿಸಿಯಲ್ಲೇ ನೆಟ್‌ವರ್ಕ್ ಮ್ಯಾನೇಜರ್ ಫೋಲ್ಡರ್ ಒಳಗೆ ಕಾನ್ಫ್ ಡಾಟ್ ಡಿ ಇದೆ, ಅಲ್ಲಿ ಪವರ್‌ಸೇವ್ ಅಂತ ಹೆಸರಿರುವ ಫೈಲಿನಲ್ಲಿ 3 ಇದ್ದದ್ದನ್ನು 2 ಮಾಡಿದೆ. 3 ಅಂದರೆ ಚಾಲೂ, 2 ಅಂದರೆ ಬಂದ್. ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ, ತಿನ್ನಲಿ. ಈ ಲ್ಯಾಪ್‌ಟಾಪ್ ಹೇಗೂ ಚಾರ್ಜರ್ ಬಿಟ್ಟು ಬದುಕಲ್ಲ.

ಮೂರನೆಯದು ಪಕ್ಕದ ಅಂಗಡಿಯವರ ಲ್ಯಾಪ್‌ಟಾಪ್. ನನ್ನದು ನಡೆದದ್ದು ನೋಡಿ ತಂದುಕೊಟ್ಟರು. ಇದರಲ್ಲಿ ಬ್ರಾಡ್‌ಕಾಮ್ 43142. ಇದಕ್ಕೆ ಬೇಕಾದ ಡ್ರೈವರ್ ಬೇರೆ, ಅದನ್ನು ನೆಟ್‌ನಿಂದ ಇಳಿಸಬೇಕು, ಆದರೆ ನೆಟ್ ಬರಬೇಕಾದರೆ ಡ್ರೈವರ್ ಬೇಕು. ಹಗ್ಗ ಬಾವಿಯೊಳಗೇ ಬಿದ್ದ ಹಾಗೆ. ಇದಕ್ಕೆ ನಾನು ಕಂಡುಕೊಂಡ ಸುಲಭ ದಾರಿ ಫೋನ್. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ವೈರ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಚ್ಚಿ, ಹಾಟ್‌ಸ್ಪಾಟ್ ಸೆಟ್ಟಿಂಗ್ ಒಳಗೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು, ಲಿನಕ್ಸ್ ಅದನ್ನು ಕೇಬಲ್ ನೆಟ್ ಅಂತಲೇ ತಿಳಿದುಕೊಳ್ಳುತ್ತದೆ. ಏನೂ ಹಾಕಬೇಕಾಗಿಲ್ಲ. ಫೋನ್ ವೈಫೈನಲ್ಲಿ ಇದ್ದರೆ ಆ ವೈಫೈಯೇ ವೈರ್‌ನಲ್ಲಿ ಹರಿದು ಬರುತ್ತದೆ, ಡೇಟಾ ಖರ್ಚಾಗಲ್ಲ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆಗೆದರೆ ಅದೇ ಬ್ರಾಡ್‌ಕಾಮ್ ಡ್ರೈವರ್ ತೋರಿಸಿತು, ಹಾಕಿದೆ.

ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿತು. ಸುಮ್ನೆ ಏನೋ ಕೊಟ್ಟೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂತು, ಅಷ್ಟರಲ್ಲಿ ಒಬ್ಬರು ಆಧಾರ್ ಪ್ರಿಂಟ್‌ಗೆ ಬಂದರು. ಅವರಿಗೆ ಪ್ರಿಂಟ್ ಕೊಟ್ಟು ತಿರುಗುವಷ್ಟರಲ್ಲಿ ನೀಲಿ ಪರದೆ ಹೋಗಿ ಮಾಮೂಲಿ ಡೆಸ್ಕ್‌ಟಾಪ್ ಬಂದಿತ್ತು. ವೈಫೈ ಇಲ್ಲ. ಡ್ರೈವರ್ ಏರಿಸೋಕೆ ಹೋದರೆ ಅದರ ಸಹಿಯ ಕೀಲಿ ಒಪ್ಪಲ್ಲ ಅನ್ನುತ್ತದೆ. ಮಷೀನ್‌ನಲ್ಲಿ ಸೆಕ್ಯೂರ್ ಬೂಟ್ (ಒಪ್ಪಿದ ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ಕಾವಲು) ಆನ್ ಇದ್ದರೆ ಹೊರಗಿನಿಂದ ತಂದ ಡ್ರೈವರ್‌ಗೆ ನಮ್ಮ ಒಪ್ಪಿಗೆ ಬೇಕು. ಆ ನೀಲಿ ಪರದೆ ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ, ಅಷ್ಟರೊಳಗೆ ಕೀಬೋರ್ಡಿನ ಒಂದು ಕೀ ಒತ್ತಿ, ಎನ್‌ರೋಲ್ ಎಂಒಕೆ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ತಪ್ಪಿಸಿಕೊಂಡರೆ ಮೋಕ್‌ಯುಟಿಲ್ ಅನ್ನೋ ಕಮಾಂಡ್‌ನಿಂದ ಕೀಲಿಯನ್ನು ಮತ್ತೆ ಸಾಲಿಗೆ ಹಚ್ಚಬಹುದು. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಬಂದ್ ಮಾಡಿದರೂ ನಡೆಯುತ್ತದೆ, ಆದರೆ ಬೇರೆಯವರ ಮಷೀನ್‌ನಲ್ಲಿ ನಾನು ಹಾಗೆ ಮಾಡಲ್ಲ. ಎರಡನೇ ಸಲ ಶಟರ್ ಅರ್ಧ ಎಳೆದು ಕೂತೆ. ಹತ್ತಿತು.

ಅಣ್ಣನಿಗೆ ಆಂಟೆನಾದ ಕಥೆ ಎರಡು ಸಲ ಹೇಳಿದ್ದೇನೆ. "ಇರಬಹುದು, ಆದರೂ ಗ್ವಾಡಿ ದಪ್ಪ ಐತಿ" ಅನ್ನುತ್ತಾನೆ. ಅವನು ಕೊರೆದ ಅರ್ಧ ತೂತು ಹಾಗೇ ಇದೆ, ಅತ್ತಿಗೆ ಅದರ ಮೇಲೆ ಕ್ಯಾಲೆಂಡರ್ ತೂಗು ಹಾಕಿದ್ದಾರೆ.