ಟ್ರೇಯಲ್ಲಿ ಶೀಟ್ ಫಿಲ್ಮ್ ತೊಳೆಯುವಾಗ ಪಟ್ಟೆ, ಮಚ್ಚೆ ಬೀಳದಂತೆ ನೋಡಿಕೊಳ್ಳುವುದು ಹೇಗೆ?

4×5 ಇಂಚಿನ ಶೀಟ್ ಫಿಲ್ಮ್ (ಸುರುಳಿಯಲ್ಲದೆ ಬಿಡಿ ಹಾಳೆಗಳಾಗಿ ಬರುವ ಫಿಲ್ಮ್) ಎಲ್ಲ ಕಡೆ ಒಂದೇ ಸಮನಾಗಿ ಡೆವಲಪ್ ಆಗದಿದ್ದರೆ, ಆ ದೋಷ ಮೊದಲು ಕಾಣುವುದು ಆಕಾಶದಲ್ಲಿ ಅಥವಾ ಬರಿಗೋಡೆಯಲ್ಲಿ. ಇದಕ್ಕೆ ಫಿಲ್ಮನ್ನೋ ಕ್ಯಾಮೆರಾವನ್ನೋ ದೂರುವವರನ್ನು ಬಹಳ ನೋಡಿದ್ದೇನೆ. ಆದರೆ ಕಾರಣ ಹೆಚ್ಚಾಗಿ ಕತ್ತಲಲ್ಲಿ ಕೈ ಆಡುವ ರೀತಿಯಲ್ಲಿರುತ್ತದೆ. ನೆಗೆಟಿವ್‌ನ ಅಂಚುಗಳು ನಡುಭಾಗಕ್ಕಿಂತ ದಟ್ಟವಾಗಿದ್ದರೆ ಡೆವಲಪರ್ ದ್ರಾವಣದ ಕಲಕಾಟ ಜೋರಾಗಿದೆ ಎಂದು ತಿಳಿಯಬೇಕು. ಅಲ್ಲಲ್ಲಿ ತೆಳುವಾದ ಮಚ್ಚೆಗಳಿದ್ದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಾಕಾರದ ಗುರುತು ಮಾತ್ರ ಫಿಲ್ಮನ್ನು ಹಿಡಿಯುವಾಗ ಬಾಗಿಸಿದ್ದರಿಂದ ಬಂದದ್ದು.

ಟ್ರೇ 8×10 ಇಂಚಿನ ಅಳತೆಯದಿರಲಿ. ತಳದಲ್ಲಿ ಏಣುಗಳಿರುವ ಅಗ್ಗದ ಟ್ರೇಗಳನ್ನು ಈ ಕೆಲಸಕ್ಕೆ ಬಳಸಲೇಬಾರದು. ಡಿ-76 ಡೆವಲಪರ್ 500 ಮಿ.ಲೀ.ಗೆ ಅಷ್ಟೇ ನೀರು ಬೆರೆಸಿದರೆ ಆರು ಹಾಳೆಗಳಿಗೆ ಧಾರಾಳವಾಗಿ ಸಾಕು. ಬೇಸಿಗೆಯಲ್ಲಿ ನಮ್ಮ ನಲ್ಲಿ ನೀರು 20 ಡಿಗ್ರಿಗಿಂತ ಬಹಳ ಬಿಸಿಯಿರುವುದರಿಂದ, ಟ್ರೇಯನ್ನು ಐಸ್ ಹಾಕಿದ ನೀರಿನ ದೊಡ್ಡ ಟ್ರೇಯೊಳಗಿಟ್ಟು ತಣಿಸಬೇಕು. ಐಸನ್ನು ಡೆವಲಪರ್‌ಗೇ ಹಾಕುವುದು ತಪ್ಪು. ಬೇಗ ಮುಗಿಸುವ ಆಸೆಗೆ ಗಟ್ಟಿ ಡೆವಲಪರ್‌ನಲ್ಲಿ ಮೂರು ನಿಮಿಷಕ್ಕೆ ತೆಗೆಯುವ ಅಡ್ಡದಾರಿಯನ್ನು ಬಿಟ್ಟುಬಿಡಿ. ಐದು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ, ಮೊದಲ ಕೆಲವು ಕ್ಷಣಗಳ ಏರುಪೇರನ್ನು ಸರಿದೂಗಿಸಲು ಸಮಯವೇ ಇರುವುದಿಲ್ಲ.

ಇದು ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಆದ್ದರಿಂದ ಮುಂದಿನದೆಲ್ಲ ಪೂರ್ಣ ಕತ್ತಲೆಯಲ್ಲಿ ನಡೆಯಬೇಕು. ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದಾಗ ಅಂಚಿನಲ್ಲಿ ಗುರುತಿಗೆಂದು ಕತ್ತರಿಸಿರುವ ಕಚ್ಚು ಬಲಗಡೆಯ ಮೇಲ್ಮೂಲೆಯಲ್ಲಿ ಬೆರಳಿಗೆ ಸಿಕ್ಕರೆ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ನಿಮ್ಮ ಕಡೆಗಿದೆ ಎಂದರ್ಥ. ಡೆವಲಪರ್‌ನಷ್ಟೇ ಉಷ್ಣತೆಯ ಸಾದಾ ನೀರಿಗೆ ಎಮಲ್ಷನ್ ಮೇಲಾಗಿ ಒಂದೊಂದೇ ಹಾಳೆಯನ್ನು ಇಳಿಸಿ, ಪೂರ್ತಿ ಮುಳುಗಿದ ಮೇಲೆಯೇ ಮುಂದಿನದನ್ನು ಹಾಕಬೇಕು. ಒಣ ಹಾಳೆ ಅರೆನೆನೆದ ಹಾಳೆಗೆ ತಾಗಿದರೆ ಅಂಟುತ್ತದೆ, ಬಿಡಿಸಲು ಹೋದರೆ ಗೀರು ಬೀಳುತ್ತದೆ. ಮೊದಲನೆಯ ಹಾಳೆಯ ಕಚ್ಚನ್ನು ಮಾತ್ರ ಎದುರು ಮೂಲೆಗೆ ಬರುವಂತೆ ತಿರುಗಿಸಿಟ್ಟರೆ ಸರದಿ ತಪ್ಪುವುದಿಲ್ಲ. ಎರಡು ನಿಮಿಷ ನೀರಿನಲ್ಲೇ ಅಡಿಯ ಹಾಳೆಯನ್ನು ಮೇಲಕ್ಕೆ ತರುತ್ತಿರಿ. ಈ ನೆನೆಸುವ ಹಂತವನ್ನು ಬಿಟ್ಟರೂ ನಡೆಯುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಡೆವಲಪರ್. ಐದು ಸೆಕೆಂಡಿಗೊಂದರಂತೆ ಹಾಳೆಗಳನ್ನು ಇಳಿಸಿದರೆ ಆರನೆಯದು ಒಳಗೆ ಹೋಗುವ ಹೊತ್ತಿಗೆ ಮೊದಲನೆಯದನ್ನು ಅಡಿಯಿಂದ ಎಳೆಯುವ ಸರದಿ ಬಂದಿರುತ್ತದೆ. ಅದನ್ನು ಪಕ್ಕಕ್ಕೆ ಪೂರ್ತಿ ಎಳೆದು, ದ್ರಾವಣದಿಂದ ಎತ್ತಿ, ಮೂಲೆ ಕೆಳಗಿನ ಹಾಳೆಗೆ ಕುಕ್ಕದಂತೆ ಮಟ್ಟಸವಾಗಿ ಮೇಲಿಟ್ಟು, ಬೆರಳಿನ ಮೆತ್ತನೆಯ ಭಾಗದಿಂದ ಮೆಲ್ಲಗೆ ಅದುಮಬೇಕು. ಇನ್ನೊಂದು ಕೈ ಕಟ್ಟನ್ನು ಚದುರದಂತೆ ಹಿಡಿದಿರಲಿ. ಐದು ಸೆಕೆಂಡಿಗೊಂದು ಹಾಳೆ, ಅರ್ಧ ನಿಮಿಷಕ್ಕೊಂದು ಸುತ್ತು: ಈ ಲಯ ಕೊನೆಯವರೆಗೂ ಬದಲಾಗಕೂಡದು. ಪ್ರತಿ ಸುತ್ತಿನಲ್ಲೂ ಒಂದೇ ಕಡೆಗೆ ಎಳೆದರೆ ದ್ರಾವಣ ಒಂದೇ ದಾರಿಯಲ್ಲಿ ಹರಿದು ಪಟ್ಟೆ ಮೂಡಿಸುತ್ತದೆ. ಆದ್ದರಿಂದ ಒಂದು ಸುತ್ತು ಬಲಕ್ಕೆ, ಮುಂದಿನದು ಎಡಕ್ಕೆ, ಆಮೇಲೆ ನಿಮ್ಮ ಕಡೆಗೆ ಎಳೆಯಿರಿ. ಇದರ ಜೊತೆಗೆ ಟ್ರೇಯನ್ನೂ ತೂಗಾಡಿಸುವ ಅಭ್ಯಾಸ ಹಲವರಿಗಿದೆ. ಅಂಚುಗಳು ದಟ್ಟವಾಗಲು ಅದೇ ದೊಡ್ಡ ಕಾರಣ. ಕೆಟ್ಟ ಹಾಳೆಗಳನ್ನು ಸಾದಾ ನೀರಿನಲ್ಲಿ ಹಾಕಿ, ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡದೆ ಒಳ್ಳೆಯ ಫಿಲ್ಮ್‌ಗೆ ಕೈಹಾಕಬೇಡಿ.

ಹಾಕಿದ ಸರದಿಯಲ್ಲೇ, ಅದೇ ಅಂತರದಲ್ಲಿ ತೆಗೆದು, ಡೆವಲಪ್ ಆಗುವುದನ್ನು ನಿಲ್ಲಿಸುವ ಸ್ಟಾಪ್ ಬಾತ್‌ಗೆ, ಅಲ್ಲಿಂದ ಚಿತ್ರವನ್ನು ಕಾಯಂಗೊಳಿಸುವ ಫಿಕ್ಸರ್‌ಗೆ ಸಾಗಿಸಿ. ಫಿಕ್ಸರ್‌ನಲ್ಲಿ ಉಳಿದ ಹಾಲಿನಂಥ ಮಸುಕನ್ನು ಮತ್ತೆ ಫಿಕ್ಸ್ ಮಾಡಿ ತೆಗೆಯಬಹುದು, ಡೆವಲಪರ್‌ನಲ್ಲಿ ಆದ ಏರುಪೇರಿಗೆ ಆಮೇಲೆ ಮದ್ದಿಲ್ಲ.

ಫಲಿತಾಂಶ ನೋಡಲು, ಒಂದೇ ಸಮನೆ ಬೆಳಕು ಬಿದ್ದ ಬರಿಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆದ ಹಾಳೆಯೊಂದನ್ನು ಕಟ್ಟಿನಲ್ಲಿ ಸೇರಿಸಿ, ಒಣಗಿದ ಮೇಲೆ ಲೈಟ್ ಬಾಕ್ಸ್ ಮೇಲಿಟ್ಟು ಪರೀಕ್ಷಿಸಿ. ಅಂಚು ಇನ್ನೂ ದಟ್ಟವಾಗಿದ್ದರೆ ಹಾಳೆಯಿಂದ ಹಾಳೆಗೆ ಅಂತರವನ್ನು ಏಳೆಂಟು ಸೆಕೆಂಡಿಗೆ ಹೆಚ್ಚಿಸಬೇಕು. ಮಚ್ಚೆಗಳು ಉಳಿದಿದ್ದರೆ ಆರರ ಬದಲು ನಾಲ್ಕೇ ಹಾಳೆಗಳನ್ನು ಹಾಕಬೇಕು.