ಐದು ಗೆರೆ, ಒಂದು ಕುಡಿಕೆ ಮೊಸರು

ಪುಣೆ ಹತ್ತಿರದ ಸಿಂಹಗಡ ಕೋಟೆಯ ಮೇಲೆ ಸಿಗುವ ಕುಡಿಕೆ ಮೊಸರಿಗಾಗಿ ವಾರವಿಡೀ ನಡೆಯುತ್ತೇನೆ ಅಂದರೆ ಆಫೀಸಿನವರು ನಗುತ್ತಾರೆ. ನಗಲಿ.

ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 6.3 ಬಂತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಈ ಪರೀಕ್ಷೆಗೆ ಸುಳ್ಳು ಹೇಳೋಕೆ ಆಗುವುದಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕ ಇದು. ಹಿಂದಿನ ದಿನ ಉಪವಾಸ ಮಾಡಿ ಲ್ಯಾಬಿಗೆ ಹೋದರೆ ಏನೂ ಬದಲಾಗಲ್ಲ.

ಸರಿ, ನಡೆಯೋಣ ಅಂತ ಬೂಟು ತಂದೆ, ಹೆಜ್ಜೆ ಎಣಿಸುವ ಗಡಿಯಾರ ತಂದೆ. ಆರು ತಿಂಗಳು ತಪ್ಪದೆ ನಡೆದರೆ ಹೊಸ ಫೋನ್ ಅಂತ ನನಗೆ ನಾನೇ ಆಸೆ ತೋರಿಸಿಕೊಂಡೆ. ಹದಿನೆಂಟು ದಿನ ನಡೆದೆ. ಆಮೇಲೆ ಗಡಿಯಾರ ಚಾರ್ಜಿಗೆ ಇಟ್ಟಲ್ಲೇ ಉಳಿಯಿತು. ದಸರಾ ಆಫರಿನಲ್ಲಿ ಫೋನ್ ಮಾತ್ರ ಮನೆಗೆ ಬಂತು! ಆರು ತಿಂಗಳ ಆಚೆಯ ಬಹುಮಾನ ಬೆಳಗಿನ ಐದು ಗಂಟೆಗೆ ಕಾಣುವುದೇ ಇಲ್ಲ. ಅಲ್ಲದೆ ದುಡ್ಡು ಕೊಟ್ಟರೆ ಹಾಗೇ ಸಿಗುವ ವಸ್ತುವಿಗೆ ಬೆವರು ಯಾಕೆ ಸುರಿಸಬೇಕು, ಅಲ್ವಾ?

ಮೊಸರಿನ ಉಪಾಯ ಹೊಳೆದದ್ದು ಹೆಂಡತಿಗೆ. ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆ. ಬೆಳಿಗ್ಗೆ 40 ನಿಮಿಷ ನಡೆದು ಬಂದರೆ ಆ ದಿನದ ಮೇಲೆ ಒಂದು ಗೆರೆ. ಪೆನ್ನು ಅವಳ ಕೈಲಿ. ಸೋಮವಾರದಿಂದ ಶನಿವಾರದೊಳಗೆ ಐದು ಗೆರೆ ಬಿದ್ದರೆ ಭಾನುವಾರ ಗಡದ ಮೇಲೆ ಮೊಸರು, ಕಡಲೆಹಿಟ್ಟಿನ ಪಿಠ್ಲಾ, ಭಾಕರಿ ರೊಟ್ಟಿ. ನಾಲ್ಕೇ ಬಿದ್ದರೂ ಗಡ ಹತ್ತಬೇಕು, ಆದರೆ ಮೇಲೆ ಬರೀ ನೀರು. ಗೆರೆ ಕಮ್ಮಿಯಾದರೆ ಗಡ ಹತ್ತುವುದನ್ನೇ ಬಿಡು ಅಂತ ಅವಳು ಹೇಳಿದ್ದಳು. ನಾನು ಒಪ್ಪಲಿಲ್ಲ. ಹಾಗೆ ಮಾಡಿದ್ದರೆ ಒಂದು ವಾರ ತಪ್ಪಿದ್ದು ಎರಡು ವಾರ ಆಗುತ್ತಿತ್ತು.

ವಾರದ ದಿನಗಳಲ್ಲಿ ನನಗೆ ಪರ್ವತಿ ಗುಡ್ಡವೇ ಹತ್ತಿರ. 103 ಮೆಟ್ಟಿಲು, ಪೇಶ್ವೆಗಳ ಕಾಲದ ಗುಡಿ, ಮೇಲಿಂದ ಅರ್ಧ ಪುಣೆ ಕಾಣುತ್ತದೆ. ಎರಡು ಸಲ ಹತ್ತಿ ಇಳಿದು, ಸುತ್ತ ನಡೆದರೆ 40 ನಿಮಿಷ ಆಗುತ್ತದೆ.

ಭಾನುವಾರದ ಕಥೆಯೇ ಬೇರೆ. ಸ್ವಾರಗೇಟಿನಿಂದ ಬಸ್ ಹಿಡಿದು, ಖಡಕವಾಸ್ಲಾ ಕೆರೆ ದಾಟಿ, ಆತಕರವಾಡಿಯಲ್ಲಿ ಇಳಿಯುತ್ತೇನೆ. ಅಲ್ಲಿಂದ ಕಾಲುದಾರಿ ಮೂರು ಕಿಲೋಮೀಟರಿಗೂ ಕಮ್ಮಿ, ಆದರೆ ಸುಮಾರು 600 ಮೀಟರ್ ಏರು. 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆಯ ಪಡೆ ರಾತ್ರಿ ಹೊತ್ತು ಕಡಿದಾದ ಬಂಡೆ ಏರಿ ಗಡ ಗೆದ್ದಿತು. ನಾವು ಹಗಲು ಹೊತ್ತಿನಲ್ಲಿ, ಸವೆದ ದಾರಿಯಲ್ಲೇ ಏದುಸಿರು ಬಿಡುತ್ತೇವೆ. ಮೊದಲ ಸಲ ನನಗೆ ಒಂದು ಗಂಟೆ 35 ನಿಮಿಷ ಹಿಡಿಯಿತು. ದಾರಿಯಲ್ಲಿ ನಿಂಬೆ ಶರಬತ್ತಿನವರ ಹತ್ತಿರ ಮೂರು ಸಲ ಕೂತಿದ್ದೆ. ಈಗ 55 ನಿಮಿಷ.

ಮೇಲೆ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಅಂಗೈಯಗಲದ ಮಣ್ಣಿನ ಕುಡಿಕೆ. ಮಣ್ಣು ನೀರನ್ನು ಹೀರುವುದರಿಂದ ಮೊಸರು ಗಟ್ಟಿ, ತಣ್ಣಗೆ. ನಾನು ಸಕ್ಕರೆ ಬೇಡ ಅಂತೀನಿ, ಉಪ್ಪು ಸಾಕು. ಪಿಠ್ಲಾ ಅಂದರೆ ನಮ್ಮ ವಿಜಯಪುರದ ಕಡೆಯ ಝುಣಕದ ತಮ್ಮ, ಸ್ವಲ್ಪ ತೆಳ್ಳಗಿನವನು.

ಒಂದು ಸಲ ಕಳ್ಳಾಟವನ್ನೂ ಆಡಿದೆ. ಗಡಕ್ಕೆ ಡಾಂಬರು ರಸ್ತೆಯೂ ಇದೆ. ಮೂರೇ ಗೆರೆ ಇದ್ದ ವಾರ ಬೈಕಿನಲ್ಲಿ ಹೋಗಿ ಎರಡು ಕುಡಿಕೆ ಖಾಲಿ ಮಾಡಿ ಬಂದೆ. ಮೊಸರು ಅದೇ, ಮಾರುವ ಮಾವಶಿಯೂ ಅದೇ. ಹುಳಿ ಅನಿಸಿತು. ಮನೆಯಲ್ಲಿ ಹೇಳಿದಾಗ ಹೆಂಡತಿ, "ಮೊಸರು ಮನ್ಯಾಗೂ ಇತ್ತಲ್ರೀ, ಪೆಟ್ರೋಲ್ ಯಾಕ ಸುಟ್ರಿ?" ಅಂದಳು.

ಮೂರನೇ ತಿಂಗಳಲ್ಲಿ ಹುರುಪು ಜಾಸ್ತಿಯಾಗಿ ಶನಿವಾರ, ಭಾನುವಾರ ಎರಡೂ ದಿನ ಹತ್ತಿದೆ. ಇಳಿಯುವಾಗ ಎಡ ಮಂಡಿ ಹಿಡಿಯಿತು. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಭಾರ ಹೆಚ್ಚು ಅಂತ ಆಮೇಲೆ ಗೊತ್ತಾಯಿತು. ಹನ್ನೆರಡು ದಿನ ಮನೆಯಲ್ಲೇ. ಆ ದಿನಗಳಿಗೆ ಗೆರೆಯ ಬದಲು ಸೊನ್ನೆ ಹಾಕಿಸಿದೆ. ಕಾಯಿಲೆ ಬೇರೆ, ಸೋಮಾರಿತನ ಬೇರೆ. ಎರಡನ್ನೂ ಒಂದೇ ಖಾಲಿ ಜಾಗದಲ್ಲಿ ಬಿಟ್ಟರೆ ಕ್ಯಾಲೆಂಡರಿನ ಕಡೆ ನೋಡುವುದೇ ಬೇಡ ಅನಿಸುತ್ತದೆ. ಈಗ ಇಳಿಯುವಾಗ ಕೈಲಿ ಕೋಲು ಇರುತ್ತದೆ.

ಹದಿನಾಲ್ಕನೇ ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿದೆ. 5.8. ತೂಕ 84ರಿಂದ 77ಕ್ಕೆ ಇಳಿದಿತ್ತು. ಅನ್ನ ಕಮ್ಮಿ ಮಾಡಿದ್ದರ ಪಾಲೂ ಇದರಲ್ಲಿದೆ, ಎಲ್ಲಾ ಗಡದ ಲೆಕ್ಕಕ್ಕೆ ಹಾಕಲಾರೆ. ಡಾಕ್ಟರು ಭೇಷ್ ಅಂತಾರೆ ಅಂದುಕೊಂಡಿದ್ದೆ. ಅವರು ಕಾಗದ ತಿರುಗಿಸಿ ನೋಡಿ, ಆರು ತಿಂಗಳು ಬಿಟ್ಟು ಬನ್ನಿ ಅಂದರು, ಅಷ್ಟೇ.

ಆ ವಾರ ಆಫೀಸಿನಲ್ಲಿ ರಾತ್ರಿ ಕೆಲಸ ಜಾಸ್ತಿಯಿತ್ತು. ನಾಲ್ಕೇ ಗೆರೆ. ರಿಪೋರ್ಟ್ ಇಷ್ಟು ಚೆನ್ನಾಗಿ ಬಂದಿದೆ, ಒಂದು ಕುಡಿಕೆ ತಿಂದರೇನು ಅಂತ ದಾರಿಯುದ್ದಕ್ಕೂ ಮನಸ್ಸು ವಕೀಲಿಕೆ ಮಾಡಿತು. ಮೇಲೆ ಹೋದಾಗ ಮಾವಶಿ ಕೇಳುವ ಮೊದಲೇ ಕುಡಿಕೆ ಮುಂದೆ ಹಿಡಿದಳು. ನಾಲ್ಕು ಬೆರಳು ತೋರಿಸಿದೆ. ನಾಲ್ಕು ಕುಡಿಕೆ ಬೇಕೇನೋ ಅಂದುಕೊಂಡು ಅವಳು ಬುಟ್ಟಿಗೆ ಕೈ ಹಾಕಿದಳು. ಬೇಡ, ಮುಂದಿನ ವಾರ ಅಂತ ಹೇಳಿ ಗಡದ ಮೇಲಿನ ನೀರಿನ ಕೊಳ ದೇವಟಾಕೆಯ ಕಡೆ ನೀರು ಕುಡಿಯೋಕೆ ನಡೆದೆ.